ಎಡಗೈ ಗಾರೆ

ಗಂಟಲಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಕೋರ್ಟಿನ ಕಡತದಲ್ಲಿ ಬಿಟ್ಟರೆ ಇನ್ನೆಲ್ಲೂ ಉಸಿರಾಡುತ್ತಿರಲಿಲ್ಲ. ಮೇಷ್ಟ್ರು ಬರುವ ಮುಂಚೆ ಮೇಷ್ಟ್ರ ದನಿಯಲ್ಲೇ ‘ಇವತ್ತು ಪಾಠ ಇಲ್ಲ, ಹೊರಡಿ’ ಎಂದು ಇಡೀ ತರಗತಿಯನ್ನು ಮನೆಗೆ ಅಟ್ಟಿದ ದಿನ, ಖಾಲಿ ಬೆಂಚುಗಳ ನಡುವೆ ಅವನ ಕಿವಿ ಹಿಂಡುತ್ತ ಆ ಮೇಷ್ಟ್ರೇ ಇಟ್ಟ ಹೆಸರು ಇದು. ಹಿಂಡಿದ್ದು ಕಿವಿ, ಹೆಸರು ಬಂದದ್ದು ಗಂಟಲಿಗೆ. ಅವನ ಬಾಳಿನಲ್ಲಿ ಮುಂದೆಯೂ ಹಾಗೇ ಆಯಿತು. ತಪ್ಪು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ.

ಈಗ ಅವನು ಜೈಲಿನ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ. ನೋಡುವವರಿಗೆ ಅದು ಹಿಟ್ಟು; ಅವನ ಮಟ್ಟಿಗೆ ಸಕ್ಕರೆ ಎಂಬುವನ ಮುಖ. ಹೆಬ್ಬೆರಳು ಊರಿದರೆ ಕಣ್ಣು, ಮುಷ್ಟಿಯಲ್ಲಿ ಗುದ್ದಿದರೆ ಮೂಗು ಚಪ್ಪಟೆ, ಎತ್ತಿ ಮೇಜಿಗೆ ಬಡಿದರೆ ‘ಧಪ್’ ಎಂಬ ಸದ್ದಿಗೆ ಎದೆಯೊಳಗೆ ಒಂಚೂರು ತಂಪು. ಆ ಜೈಲಿನ ಬ್ರೆಡ್ಡು ಅಷ್ಟು ಮೆತ್ತಗೆ ಉಬ್ಬುತ್ತಿದ್ದುದಕ್ಕೆ ಎಲ್ಲರೂ ಯೀಸ್ಟನ್ನು ಹೊಗಳುತ್ತಿದ್ದರು. ಉಬ್ಬಿಸುತ್ತಿದ್ದುದು ಹೊಟ್ಟೆಯುರಿ.

ಸಕ್ಕರೆ ಅವನ ಜೀವದ ಗೆಳೆಯನಾಗಿದ್ದವನು. ಮಾತಿನ ಸಿಹಿಗೆ ಬಂದ ಹೆಸರು ಅದು. ಇಬ್ಬರಿಗೂ ಸೇರಿ ಒಂದೇ ಸೈಕಲ್ಲು. ಒಬ್ಬ ತುಳಿಯುವುದು, ಇನ್ನೊಬ್ಬ ಹಿಂದೆ ಕೂತು ದಾರಿ ಹೇಳುವುದು. ತುಳಿದವನು ಯಾವಾಗಲೂ ತಾನೇ ಎಂಬುದು ಗಂಟಲಪ್ಪನಿಗೆ ಹೊಳೆದದ್ದು ಜೈಲಿಗೆ ಬಂದಮೇಲೆ. ಗಂಟಲಪ್ಪನ ಅಕ್ಕ ಬಟ್ಟೆ ಹೊಲಿದು ಇಬ್ಬರನ್ನೂ ಸಾಕಿದಳು, ಒಂದೇ ತಟ್ಟೆಯಲ್ಲಿ ಉಣಿಸಿದಳು. ದೊಡ್ಡವರಾದ ಮೇಲೆ ಇಬ್ಬರೂ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ಅಂಗಡಿ ಮಾಲೀಕನಂತೆ ಸಕ್ಕರೆ ಕೂರುತ್ತಿದ್ದ, ಮೈಕ್ ಸರಿಯಿದೆಯೇ ಎಂದು ಊರಿನ ದೊಡ್ಡವರ ದನಿಗಳಲ್ಲಿ ಪರೀಕ್ಷೆ ಮಾಡಿ ಗಂಟಲಪ್ಪ ಗಿರಾಕಿಗಳನ್ನು ನಗಿಸುತ್ತಿದ್ದ.

ಪಕ್ಕದ ಬೀದಿಯಲ್ಲಿ ಹರಳಿನ ಸಾಹುಕಾರನ ಮಳಿಗೆ. ಕೆಂಪು, ಹಸಿರು, ನೀಲಿ ಹರಳು. ಒಂದು ಮಧ್ಯಾಹ್ನ ಸಕ್ಕರೆ ಫೋನು ಎತ್ತಿ ಇವನ ಕೈಗೆ ಕೊಟ್ಟ.

“ಸಾಹುಕಾರ್ರ ದನೀಲಿ ಆ ಕಾವಲಿನವನಿಗೆ ಊಟಕ್ಕೆ ಹೋಗು ಅನ್ನೋ. ಬಡಪಾಯಿ, ದಿನಾ ಹೊಟ್ಟೆಗಿಲ್ಲದೆ ನಿಂತಿರ್ತಾನೆ. ತಮಾಷೆ ನೋಡೋಣ.”

“ಬೈಸ್ಕೋತೀವಿ ಕಣೋ.”

“ಯಾಕೆ ಹೆದರ್ತೀಯ? ನಾನಿದ್ದೀನಲ್ಲಾ...”

ಆ ಕೊನೆಯ ‘ಅಲ್ಲಾ’ವನ್ನು ಸಕ್ಕರೆ ಪಾಕದ ಎಳೆಯ ಹಾಗೆ ಎಳೆಯುತ್ತಿದ್ದ. ಗಂಟಲಪ್ಪ ಸಾಹುಕಾರನಾದ. ಕಾವಲಿನವನು ಊಟಕ್ಕೆ ಹೋದ. ‘ಬೀಡಿ ತರ್ತೀನಿ’ ಎಂದು ಸಕ್ಕರೆಯೂ ಎದ್ದು ಹೋದ. ಸಂಜೆ ಪೊಲೀಸರು ಬಂದರು.

ಕೋರ್ಟಿನಲ್ಲಿ ಸಕ್ಕರೆ ಅತ್ತ. ಅಕ್ಕ ಹೊಲಿದುಕೊಟ್ಟ ಕರ್ಚೀಫಿನಲ್ಲೇ ಮೂಗೊರೆಸಿಕೊಳ್ಳುತ್ತ ಹೇಳಿದ: “ಬೇರೆ ಸಾಕ್ಷಿ ಯಾಕೆ ಸ್ವಾಮಿ? ಇವನ ಗಂಟಲೇ ಸಾಕ್ಷಿ. ಸಾಹುಕಾರ್ರ ದನಿ ಈ ಊರಲ್ಲಿ ಇಬ್ಬರಿಗೇ ಇರೋದು. ಒಬ್ಬರು ಸಾಹುಕಾರ್ರು, ಇನ್ನೊಬ್ಬ ಇವನು.”

ಹರಳು ಸಿಗಲಿಲ್ಲ. ಗಂಟಲಪ್ಪ ಸಿಕ್ಕ. ತಲೆಗೂದಲು ನರೆಯುವವರೆಗೆ ಒಳಗಿರುವಂಥ ಶಿಕ್ಷೆಯೂ ಸಿಕ್ಕಿತು.

*

ಬೇಕರಿಗೆ ಗಾರೆಯಜ್ಜ ಬಂದದ್ದು ಆಮೇಲೆ. ಬದುಕಿಡೀ ಗೋಡೆಗೆ ಗಾರೆ ಬಳಿದವನು. ಸುಣ್ಣದ ನೀರು ಸಿಡಿದೂ ಸಿಡಿದೂ ಕಣ್ಣು ಮೊದಲು ಮಂಜಾಗಿ, ಜೈಲಿಗೆ ಬರುವ ಹೊತ್ತಿಗೆ ಪೂರ್ತಿ ಆರಿಹೋಗಿತ್ತು. ಬ್ರೆಡ್ಡಿನ ಮೇಲ್ಮೈಯನ್ನು ಬೆರಳಿನಿಂದ ತಟ್ಟಿ ಬೆಂದಿದೆಯೋ ಇಲ್ಲವೋ ಹೇಳುವ ಕೆಲಸ ಅವನದು. ಅವನನ್ನು ಕೈಹಿಡಿದು ನಡೆಸುವುದು ಗಂಟಲಪ್ಪನ ಪಾಲಿಗೆ ಬಂತು. ನಡೆಸುತ್ತ ನಡೆಸುತ್ತ, ಯಾರು ಯಾರನ್ನು ನಡೆಸುತ್ತಿದ್ದಾರೆ ಎಂಬುದು ಇಬ್ಬರಿಗೂ ಮರೆತುಹೋಯಿತು.

“ಇವತ್ತು ಯಾರಾಗಿದ್ದೀಯೋ ಮಗಾ?” ಅಜ್ಜ ಬೆಳಗ್ಗೆ ಎದ್ದ ಕೂಡಲೇ ಕೇಳುವುದು ಇದನ್ನೇ.

“ನೀನೇ ಆಗಿದ್ದೀನಿ ಅಜ್ಜ,” ಎಂದು ಇವನು ಅಜ್ಜನ ಒಡಕು ದನಿಯಲ್ಲೇ ಉತ್ತರಿಸುವನು.

“ಹಾಗಾದ್ರೆ ನನ್ನ ಸೊಂಟ ನೋವೂ ತಗೋ. ಬರೀ ದನಿ ಕದ್ರೆ ಹೇಗೆ?”

ಅಜ್ಜನನ್ನು ನೋಡಲು ಆಗಾಗ ಒಬ್ಬ ವಕೀಲ ಬರುತ್ತಿದ್ದ. ಸಂದರ್ಶಕರ ಕೋಣೆಗೆ ಕರೆದೊಯ್ದು ಪಕ್ಕದಲ್ಲಿ ನಿಲ್ಲುತ್ತಿದ್ದುದರಿಂದ ಗಂಟಲಪ್ಪನಿಗೆ ಆ ವಕೀಲ ಬಾಯಿಪಾಠವಾಗಿದ್ದ. ಮೂಗಿನಿಂದ ಹೊರಡುವ ಮಾತು, ಪ್ರತಿ ಮಾತಿನ ತುದಿಗೆ ತನಗೆ ತಾನೇ ಹಾಕಿಕೊಳ್ಳುವ ಪ್ರಶ್ನೆ. “ನಮ್ಮ ಕಕ್ಷಿದಾರರು ದೂರು ವಾಪಸ್ ತಗೊಳ್ಳೋಕೆ ಸಿದ್ಧ ಇದ್ದಾರೆ. ಅಂದ್ರೆ ಏನರ್ಥ? ನೀವು ಜಾಗ ಹೇಳ್ಬೇಕು. ಅಂದ್ರೆ ಏನರ್ಥ? ಎಲ್ಲಿ?” ಅಜ್ಜ ಪ್ರತಿಸಲವೂ, “ನನಗೆ ಕಣ್ಣು ಕಾಣಲ್ಲ ಸ್ವಾಮಿ, ಎಲ್ಲಿ ಅಂತ ಹೇಗೆ ಹೇಳ್ಲಿ?” ಎಂದು ಎದ್ದುಬಿಡುತ್ತಿದ್ದ. ಯಾವ ಜಾಗ, ಯಾವ ಕಕ್ಷಿದಾರ ಎಂದು ಗಂಟಲಪ್ಪ ಕೇಳಲಿಲ್ಲ. ಜೈಲಿನಲ್ಲಿ ಇನ್ನೊಬ್ಬನ ಕೇಸನ್ನು ಕೆದಕುವುದು ಇನ್ನೊಬ್ಬನ ಹಾಸಿಗೆಯಲ್ಲಿ ಮಲಗಿದಷ್ಟೇ ಅಸಹ್ಯ.

ಒಂದು ಮಧ್ಯಾಹ್ನ ಬ್ರೆಡ್ಡು ಒಲೆಯೊಳಗಿತ್ತು, ಬೇಕರಿಯವರು ಬಿಡುವಾಗಿದ್ದರು. ಗಂಟಲಪ್ಪನ ಆಟ ಶುರುವಾಯಿತು. ಮೊದಲು ಜೈಲರ್ ಸಾಹೇಬ: ಯಾವ ಮಾತಿಗೂ ಮುಂಚೆ ‘ಖಂ! ಖಂ!’ ಎಂದು ಎರಡು ಕೆಮ್ಮು. ಆಮೇಲೆ ಗೇಟು ಕಾಯುವ ಬೀಗದ ಮಾವ: ಏನು ಹೇಳಿದರೂ ‘ಆಯ್ತು ಸಾರ್, ತಪ್ಪಾಯ್ತು ಸಾರ್’. ಆಮೇಲೆ ಒಬ್ಬ ಕೈದಿ, “ನಿನ್ನನ್ನ ಇಲ್ಲಿಗೆ ಕಳಿಸಿದ ಆ ಪುಣ್ಯಾತ್ಮನ್ನ ಮಾಡೋ ನೋಡೋಣ,” ಎಂದ.

ಆ ದನಿಯನ್ನು ಗಂಟಲಪ್ಪ ಯಾರ ಮುಂದೆಯೂ ತೆಗೆದಿರಲಿಲ್ಲ. ಅಂದು ಯಾಕೋ ತೆಗೆದ. ಕಣ್ಣು ಮುಚ್ಚಿ, ತುಟಿ ಒದ್ದೆ ಮಾಡಿಕೊಂಡು, “ಯಾಕೆ ಹೆದರ್ತೀಯ? ನಾನಿದ್ದೀನಲ್ಲಾ...” ಎಂದ.

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ. ಆಗಷ್ಟೇ ಹೊರಗೆಳೆದ ಬಿಸಿ ತಟ್ಟೆಯ ಮೇಲೆ ಅವನ ಕೈ ಹಾಗೇ ಕೂತಿತ್ತು. ಚರ್ಮ ಸುಡುವ ವಾಸನೆ ಬಂದಾಗ ಗಂಟಲಪ್ಪ ಓಡಿಹೋಗಿ ಕೈ ಎಳೆದು ನೀರಿನ ಬಕೆಟ್ಟಿಗೆ ಅದ್ದಿದ.

“ಅಜ್ಜ! ಕೈ ಸುಡ್ತಾ ಇದೆ!”

“ಇರ್ಲಿ. ಇನ್ನೊಂದ್ಸಲ ಅನ್ನು.”

“ಏನನ್ನ?”

“ನಾನಿದ್ದೀನಲ್ಲಾ ಅಂದ್ಯಲ್ಲ. ಅದನ್ನ. ಆ ನಾಯಿ ನನ್ನ ಹೆಗಲ ಮೇಲೆ ಕೈ ಹಾಕಿ ಹೀಗೇ ಅಂದಿದ್ದ.”

ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಸಿ ಹಿಟ್ಟನ್ನು ಸುಟ್ಟ ಬೆರಳಿಗೆ ಮೆತ್ತಿಸಿಕೊಳ್ಳುತ್ತ ಅಜ್ಜ ಪಿಸುದನಿಯಲ್ಲಿ ಎಲ್ಲ ಹೇಳಿದ. ಒಬ್ಬ ಅಂಗಡಿಯವನು ಕರೆಸಿದ್ದನಂತೆ. ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ಡಬ್ಬಿ ಇಟ್ಟು ಮುಚ್ಚಿ, ಮೇಲೆ ಗಾರೆ ಬಳಿಯಬೇಕು. ಊರಲ್ಲಿ ಅಷ್ಟು ಜನ ಗಾರೆಯವರಿದ್ದರೂ ಕಣ್ಣು ಮಂಜಾದವನನ್ನೇ ಆರಿಸಿದ್ದ.

“ಕಣ್ಣು ಕಾಣದವನು ಮುಖ ಗುರುತಿಸಲ್ಲ ಅಂತ ಲೆಕ್ಕ ಅವನದು. ಪೂರ್ತಿ ಹೊತ್ತೂ ಪಕ್ಕದಲ್ಲೇ ನಿಂತು ಬಾಯಿಗೆ ಬಿಡುವಿಲ್ಲದೆ ಮಾತಾಡಿದ. ಕಿವಿ ಅನ್ನೋದು ಒಂದಿದೆ ಅಂತ ಮರೆತೇಬಿಟ್ಟ. ಬೀಡಿ ಹಚ್ಚೋಕೆ ಅವನು ಆಚೆ ತಿರುಗಿದಾಗ ಡಬ್ಬಿಯೊಳಗೆ ಬೆರಳಾಡಿಸ್ದೆ. ಹರಳು! ಮಗಾ, ನಾನೇನು ಸಾಧು ಅಲ್ಲ. ಹರಳೆಲ್ಲ ಗಾರೆ ಬಾಂಡ್ಲಿಯ ತಳಕ್ಕೆ ಹೋಯ್ತು, ಡಬ್ಬಿಗೆ ಜಲ್ಲಿಕಲ್ಲು ಬಂತು. ಕಲ್ಲಿಗೆ ಕಲ್ಲು, ಮೋಸ ಇಲ್ಲ. ಅವನ ಕಣ್ಣೆದುರೇ ಗೋಡೆ ಮುಚ್ಚಿದೆ, ಕೂಲಿ ತಗೊಂಡೆ, ಬಾಂಡ್ಲಿ ತಲೆ ಮೇಲಿಟ್ಕೊಂಡು ಹೊರಟೆ.”

ಗಂಟಲಪ್ಪ ಹಿಟ್ಟು ಮೆತ್ತುವುದನ್ನು ನಿಲ್ಲಿಸಿದ. “ಆಮೇಲೆ?”

“ಆಮೇಲೇನು? ಗಲಾಟೆ ತಣ್ಣಗಾದ ಮೇಲೆ ಗೋಡೆ ಒಡೆದು ನೋಡಿದ್ದಾನೆ, ಜಲ್ಲಿ. ಹರಳು ಕದ್ದ ಅಂತ ನನ್ನ ಮೇಲೆ ದೂರು ಕೊಡೋಕಾಗತ್ತಾ? ಮೈಕು ಕದ್ದ ಅಂತ ಕೊಟ್ಟ. ಕುರುಡ ಮೈಕು ಕದ್ದು ಏನು ಮಾಡ್ತಾನೆ, ಭಾಷಣಾನಾ?”

“ಅಜ್ಜ, ಆ ಹರಳು ಎಲ್ಲಿ?”

ಅಜ್ಜ ಸುಡದ ಕೈಯನ್ನು ಎತ್ತಿ ಒಲೆಯ ಹಿಂದಿನ ಗೋಡೆಯ ಕಡೆ ತೋರಿಸಿದ.

“ಆಗ ನನಗೆ ಇಲ್ಲೇ ಕೆಲಸ ಇತ್ತು. ಬೇಕರಿ ಗೋಡೇಲಿ ಒಂಚೂರು ತೇಪೆ. ಕದ್ದ ಮಾಲನ್ನ ಪೊಲೀಸರು ಊರೆಲ್ಲ ಹುಡುಕ್ತಾರೆ. ಜೈಲೊಳಗೆ ಯಾರಾದ್ರೂ ಹುಡುಕ್ತಾರಾ?”

*

ಅಂದಿನಿಂದ ಗಂಟಲಪ್ಪನ ಹಗೆಗೆ ಜೊತೆ ಸಿಕ್ಕಿತು. ಒಂಟಿ ಹಗೆ ಒಳಗೇ ಕೊಳೆಯುತ್ತದೆ. ಜೊತೆಯಿದ್ದರೆ ಮಾತಾಡುತ್ತದೆ, ಮಾತಾಡುತ್ತಾ ಚೂಪಾಗುತ್ತದೆ. ಸಕ್ಕರೆಯನ್ನು ಏನು ಮಾಡಬೇಕು ಎಂಬುದೇ ಇಬ್ಬರ ದಿನದ ಹರಟೆ. ಗಂಟಲಪ್ಪನಿಗೆ ಕತ್ತು ಹಿಸುಕುವ ಆಸೆ. ಅಜ್ಜನದು ಕಸುಬಿನವನ ಆಸೆ. “ಗೋಡೇಲಿಟ್ಟು ಗಾರೆ ಹಾಕೋಣ. ಮೂಗಿಗೆ ಮಾತ್ರ ತೂತು ಬಿಡೋಣ, ಬಾಯಿಗೆ ಬೇಡ.”

ಹರಟೆ ಅಲ್ಲೇ ನಿಲ್ಲುತ್ತಿತ್ತೇನೋ. ಆದರೆ ಜೈಲರ್ ಸಾಹೇಬ ಬೇಕರಿಗೆ ಬಂದು, ಎರಡು ಸಲ ಕೆಮ್ಮಿ, ಹೊಸ ಒಲೆ ಬರುತ್ತಿದೆ, ಹಿಂದಿನ ಗೋಡೆ ಒಡೆಸುತ್ತೇವೆ ಎಂದ. ಗೋಡೆ ಒಡೆದರೆ ಹರಳು ಒಡೆಯುವವರ ಪಾಲು. ಅಜ್ಜನ ಶಿಕ್ಷೆ ಮುಗಿಯಲು ಇನ್ನೂ ಸಮಯವಿತ್ತು. ಗಂಟಲಪ್ಪನದಂತೂ ಮುಗಿಯುವ ಜಾತಿಯದೇ ಅಲ್ಲ.

ಗೋಡೆಯೇನೋ ಉದ್ದಕ್ಕಿತ್ತು. ಎಲ್ಲಿ ಎಂದು ಕೆರೆಯುವುದು?

“ಇಳಿಹೊತ್ತಿನ ಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ನೋಡು,” ಎಂದ ಅಜ್ಜ. “ಗಾರೆ ಸವರೋ ಕರಣೆ ಎಳೆದ ಗೆರೆ ಕಾಣತ್ತೆ, ಕಾಮನಬಿಲ್ಲಿನ ಥರ. ಬಲಗೈಯವರ ಬಿಲ್ಲು ಒಂದು ಕಡೆ ಬಾಗತ್ತೆ. ನಾನು ಎಡಚ. ನನ್ನ ಬಿಲ್ಲು ಉಲ್ಟಾ.”

ಗವಾಕ್ಷಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಗಂಟಲಪ್ಪ ನೋಡಿದ. ಇಡೀ ಗೋಡೆ ಒಂದೇ ದಿಕ್ಕಿಗೆ ಬಾಚಿದ ತಲೆಯಂತಿತ್ತು. ಒಲೆಯ ಬಲಕ್ಕೆ, ಮೊಣಕಾಲೆತ್ತರದಲ್ಲಿ, ಒಂದು ಅಂಗೈಯಗಲದ ಜಾಗದಲ್ಲಿ ಮಾತ್ರ ಸುಳಿ ತಿರುಗಿತ್ತು. ಹಿಟ್ಟು ಕೆರೆಯುವ ತಗಡಿನಿಂದ ಅಲ್ಲಿ ಗೀರಿದ. ಅಜ್ಜ ಅಡ್ಡ ಕೂತು, ಬ್ರೆಡ್ಡು ತಟ್ಟುವ ನೆಪದಲ್ಲಿ ತಟ್ಟೆಗಳನ್ನು ದಡಬಡ ಸದ್ದು ಮಾಡುತ್ತಿದ್ದ. ಗಾರೆ ಉದುರಿತು, ಒಳಗಿನ ಪೊಳ್ಳಿಗೆ ಬೆರಳು ಹೋಯಿತು. ಕೆಂಪು, ಹಸಿರು, ನೀಲಿ. ಇಷ್ಟೇ ಇಷ್ಟಕ್ಕೆ ತನ್ನ ಇಡೀ ಬಾಳು ಹೋಯಿತೇ ಎನ್ನಿಸಿ ಗಂಟಲಪ್ಪನಿಗೆ ಹರಳಿನ ಮೇಲೇ ಸಿಟ್ಟು ಬಂತು.

ತೂತಿಗೆ ಹಿಟ್ಟಿನ ಮುದ್ದೆ ತುಂಬಿ, ಬೂದಿ ಬಳಿದು ಸವರಿದ. ಅಜ್ಜ ಅದರ ಮೇಲೆ ಅಂಗೈ ಆಡಿಸಿ ಮುಖ ಸಿಂಡರಿಸಿದ. “ಥೂ, ಇದು ಗೋಡೇನಾ ಉತ್ತ ಗದ್ದೇನಾ? ಎಡಗೈಯಲ್ಲಿ ಎಳಿ. ನನ್ನ ಮರ್ಯಾದೆ ಪ್ರಶ್ನೆ.” ಗಂಟಲಪ್ಪ ಎಡಗೈಯಲ್ಲಿ ಮತ್ತೆ ಎಳೆದ. ಹರಳೆಲ್ಲ ಒಂದು ಹಿಟ್ಟಿನ ಉಂಡೆಯೊಳಗೆ ಸೇರಿ, ಒಲೆ ಹೊಕ್ಕು, ಬನ್ನಾಗಿ ಹೊರಬಂತು.

“ಬಾ ಅಜ್ಜ, ಇಬ್ರೂ ಹೋಗೋಣ.”

“ನಾನೆಲ್ಲಿ ಓಡ್ಲಿ? ಕುರುಡ ಓಡಿದ್ರೆ ಗೋಡೆ ತಬ್ಕೋತಾನೆ. ನಾನು ಬಾಗಿಲಿಂದ್ಲೇ ಬರ್ತೀನಿ.” ಅಜ್ಜ ಅವನ ಗಲ್ಲ ಸವರಿದ. ಕಣ್ಣಿಲ್ಲದವನು ಮುಖ ನೋಡುವ ರೀತಿ ಅದು. “ಹರಳು ಹಾಳಾಗ್ಲಿ. ಅವನನ್ನ ಬಿಡಬೇಡ. ನಿನ್ನ ಪಾಲೂ ಕೊಡು, ನನ್ನ ಪಾಲೂ ಕೊಡು.”

ಹಿಟ್ಟಿನ ಗಿರಣಿಯ ಲಾರಿ ತುಂಬಿದ ಚೀಲ ತಂದು ಖಾಲಿ ಚೀಲ ಒಯ್ಯುತ್ತಿತ್ತು. ಗೇಟಿನಲ್ಲಿ ಬೀಗದ ಮಾವ ಚೂಪು ಸಲಾಕೆಯಿಂದ ಚೀಲದ ಪ್ರತಿ ರಾಶಿಗೂ ಚುಚ್ಚಿ ನೋಡುತ್ತಿದ್ದ. ಆದರೆ ಮಾವನಿಗೆ ಒಂದು ದುರಭ್ಯಾಸವಿತ್ತು. ಅದನ್ನು ಕಲಿಸಿದವನು ಜೈಲರ್ ಸಾಹೇಬನೇ. ಊಟಕ್ಕೆ ಮನೆಗೆ ಹೊರಡುವ ಸಾಹೇಬನಿಗೆ ಕಾರು ನಿಲ್ಲಿಸಿ ಗೇಟು ತೆಗೆಸುವುದೆಂದರೆ ಮೈ ಉರಿ. ಅವನು ಕಛೇರಿಯ ಮೆಟ್ಟಿಲ ಮೇಲಿಂದಲೇ ಕೂಗಬೇಕು, ಗೇಟು ಆಗಲೇ ತೆರೆದಿರಬೇಕು. ಹಿಂದೊಮ್ಮೆ ‘ಯಾರು ಕೂಗಿದ್ದು’ ಎಂದು ಕತ್ತು ಚಾಚಿ ನೋಡಿದ್ದಕ್ಕೆ ಮಾವನನ್ನು ಕೆಲಸದಿಂದ ತೆಗೆದು ಒಂದಷ್ಟು ದಿನ ಮನೆಗೆ ಕಳಿಸಿದ್ದರು. ಅಂದಿನಿಂದ ಮಾವ ನೋಡುವುದನ್ನೇ ಬಿಟ್ಟಿದ್ದ, ಕೇಳುತ್ತಿದ್ದ, ತೆಗೆಯುತ್ತಿದ್ದ.

ಅಂದು ಮಧ್ಯಾಹ್ನ ಲಾರಿ ಗೇಟಿಗಡ್ಡ ನಿಂತಿತ್ತು. ಚೀಲಗಳ ಕೆಳಗೆ ಗಂಟಲಪ್ಪ, ಅಂಗಿಯೊಳಗೆ ಬನ್ನು. ಸಲಾಕೆ ಚೀಲಕ್ಕೆ ನುಗ್ಗುವ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು. ಅವನು ಬಾಯಿ ತೆರೆದ. ಹಿಟ್ಟಿನ ಧೂಳು ಮೂಗಿಗೆ ನುಗ್ಗಿ ಮೊದಲು ಬಂದದ್ದು ಸೀನು. ಜೈಲರ್ ಸಾಹೇಬ ಜನ್ಮದಲ್ಲಿ ಸೀನಿದವನಲ್ಲ, ಕೆಮ್ಮುವವನು. ಸೀನನ್ನು ಅರ್ಧದಲ್ಲೇ ತಿರುಚಿ ಗಂಟಲಪ್ಪ ಕೆಮ್ಮು ಮಾಡಿದ.

“ಹಾಕ್... ಖಂ! ಖಂ! ಯಾವನೋ ಅದು ನನ್ನ ಕಾರಿಗೆ ಅಡ್ಡ ಲಾರಿ ನಿಲ್ಸಿರೋದು? ತೆಗೀರೋ ಮೊದ್ಲು! ಸಲಾಕೆ ನಿನ್ನ ಮೂಗಿಗೆ ಚುಚ್ಕೋ!”

“ಆಯ್ತು ಸಾರ್, ತಪ್ಪಾಯ್ತು ಸಾರ್!”

ಲಾರಿ ಕಛೇರಿಯನ್ನು ಮರೆಮಾಡಿ ನಿಂತಿತ್ತು. ದನಿ ಅದರ ಆಚೆಯಿಂದ ಬಂತೋ ಒಳಗಿಂದ ಬಂತೋ ಮಾವ ವಿಚಾರಿಸಲಿಲ್ಲ. ಗೇಟು ಕಿರುಗುಟ್ಟಿತು.

*

ಅಕ್ಕನ ಮನೆ ಹಿಂದಿನಂತೆಯೇ ಇತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆಯ ಚೂರು. ಹಿತ್ತಲ ಬಾಗಿಲಲ್ಲಿ ನಿಂತು ಗಂಟಲಪ್ಪ ತೀರಿಹೋದ ಅಮ್ಮನ ದನಿಯಲ್ಲಿ, “ಪುಟ್ಟೀ, ಬಾಗಿಲು ತೆಗಿಯೇ,” ಎಂದ. ಅಕ್ಕ ಬಾಗಿಲು ತೆಗೆದವಳೇ ಫಟಾರನೆ ಕೆನ್ನೆಗೆ ಬಿಟ್ಟಳು, ಆಮೇಲೆ ತಬ್ಬಿಕೊಂಡಳು.

“ಅಮ್ಮನ ಗಂಟಲು ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದ್ದೀನಿ! ಏನಾಗಿದ್ದೀಯೋ, ಮೂಳೆ ಎಣಿಸಬಹುದು. ಬಿಟ್ರಾ?”

“ನಾನೇ ಬಿಟ್ಕೊಂಡೆ.”

ಬನ್ನನ್ನು ಇಸ್ತ್ರಿಪೆಟ್ಟಿಗೆಯಿಂದ ಗುದ್ದಿ ಒಡೆದರು. ಅಕ್ಕ ಹರಳನ್ನೆಲ್ಲ ಬಾಚಿ ಗುಂಡಿಗಳ ಡಬ್ಬಿಗೆ ಸುರಿದು ಕಲಸಿದಳು. ಅಂಗಿ, ಲಂಗ, ಕೋಟುಗಳ ಗುಂಡಿಗಳ ನಡುವೆ ಅವು ಮಿನುಗದೆ ಕೂತವು.

“ಕತ್ತರಿ ಕೊಡಕ್ಕ. ದೊಡ್ಡದು.”

“ಯಾಕೆ?”

“ಸಕ್ಕರೆ ಎಲ್ಲಿದ್ದಾನೆ?”

“ಕೂತ್ಕೋ.” ಅಕ್ಕ ಕತ್ತರಿಯನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. “ಅವನು ಇಲ್ಲಿಗೇ ಬರ್ತಾನೆ, ಅಕ್ಕಾ ಅಕ್ಕಾ ಅಂತ. ಪರದೆ ಹೊಲಿಸೋಕೆ. ನಾಚಿಕೆ ಇದ್ರೆ ತಾನೇ? ನಾನೂ ಹೊಲಿದು ಕೊಡ್ತೀನಿ, ಒಂದೊಂದು ಮಡಿಕೇಲೂ ಒಂದೊಂದು ಸೂಜಿ ಬಿಟ್ಟು. ಆದ್ರೆ ನೇತು ಹಾಕೋಕೆ ಅಂತ ಮನೆಗೆ ಹೋಗಿದ್ದೆ ನೋಡು, ಕಿಟಕಿ ಇಲ್ಲದ ಗೋಡೆಗೆಲ್ಲ ಪರದೆ! ಎತ್ತಿ ನೋಡಿದ್ರೆ ಹಿಂದೆ ತೂತು. ಮನೆ ತುಂಬಾ ತೂತು. ಯಾರೋ ಮುದುಕ ಗಾರೆ ಹಾಕಿದ್ದ ಮನೆಗಳನ್ನೇ ಹುಡುಕಿ ಹುಡುಕಿ ಕೊಂಡ್ಕೋತಾನಂತೆ, ಒಡೀತಾನಂತೆ. ಅಂಗಡಿ ಹೋಯ್ತು. ಅವನ ವಕೀಲನೂ ಬೇಸತ್ತು ದೂರದ ಊರು ಸೇರ್ಕೊಂಡ. ಈಗ ಉಳಿದಿರೋದು ಅದೊಂದೇ ಮನೆ, ಅವನೊಬ್ಬನೇ ಇಲಿ.”

ಮರುದಿನ ಗಂಟಲಪ್ಪ ಪರದೆ ತಲುಪಿಸುವವನ ಹಾಗೆ ಬಟ್ಟೆಯ ಗಂಟು ಹೊತ್ತು ಆ ಮನೆಯ ಕಿಟಕಿಯಲ್ಲಿ ಇಣುಕಿದ. ಸಕ್ಕರೆ ಗೋಡೆಗೆ ಕಿವಿ ಹಚ್ಚಿ, ಚಮಚದಿಂದ ಟಕ್ ಟಕ್ ಎಂದು ಬಡಿದು, ಉಸಿರು ಹಿಡಿದು ಕೇಳುತ್ತಿದ್ದ. ತಲೆತುಂಬ ಸುಣ್ಣದ ಪುಡಿ. ಸಿಹಿಯಾಗಿ, ಗೋಡೆಗೇ, “ಎಲ್ಲಿದ್ದೀಯ ಬಂಗಾರ?” ಎನ್ನುತ್ತಿದ್ದ. ಗಂಟಲಪ್ಪನ ಕೈ ಅಂಗಿಯೊಳಗಿನ ಕತ್ತರಿಯ ಮೇಲಿತ್ತು. ಅಕ್ಕನ ತೊಡೆಯ ಕೆಳಗಿನಿಂದ ಅದನ್ನು ಹೇಗೋ ಎಗರಿಸಿದ್ದ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಂದು ಹೆಜ್ಜೆ ಇಟ್ಟರೆ ಮುಗಿಯಿತು.

ಮುಗಿಯಿತು ಎಂಬುದೇ ಅವನಿಗೆ ಬೇಡವಾಯಿತು. ತಾನು ನಾದಿದ ಹಿಟ್ಟೆಲ್ಲ ಒಂದೇ ತಿವಿತಕ್ಕೆ ಸಾಟಿಯೇ? ಇಷ್ಟು ಹಸಿದವನಿಗೆ ಒಂದು ಗೋಡೆ ಬೇಕು. ಅವನಿಗೆ ಬೇಕಾದ ಗೋಡೆಯನ್ನೇ ಕೊಡಬೇಕು.

ಸಂಜೆಗೆ ಮುಂಚೆ ಸಕ್ಕರೆಯ ಮನೆಯಲ್ಲಿ ಫೋನು ಬಡಿದುಕೊಂಡಿತು. ಒಡಕು ದನಿ.

“ಸ್ವಾಮಿ, ನಾನು, ಗಾರೆಯವನು. ಇವತ್ತು ನಮಗೆ ಫೋನು ಮಾಡೋಕೆ ಬಿಟ್ಟಿದ್ದಾರೆ.”

“ಅಜ್ಜಾ! ನನ್ನ ಬಂಗಾರದ ಅಜ್ಜ! ಹೇಗಿದ್ದೀಯ?”

“ಸಾಯೋಕೆ ಬಂದಿದ್ದೀನಿ. ಮನಸ್ಸಲ್ಲಿಟ್ಕೊಂಡು ಸಾಯೋದು ಬೇಡ ಅನ್ನಿಸ್ತು. ಅದು ಇಲ್ಲೇ ಇದೆ. ಜೈಲಿನ ಬೇಕರೀಲಿ, ಒಲೆ ಹಿಂದಿನ ಗೋಡೇಲಿ. ನಾನೇ ಇಟ್ಟಿದ್ದು, ನನ್ನಾಣೆ.”

ಹೇಳಿದ್ದರಲ್ಲಿ ಸಾಯುವ ಮಾತೊಂದು ಬಿಟ್ಟರೆ ಬೇರೆ ಸುಳ್ಳೇ ಇರಲಿಲ್ಲ. ‘ಇದೆ’ ಮತ್ತು ‘ಇತ್ತು’ಗಳ ನಡುವೆ ಇದ್ದದ್ದು ಒಂದು ಬನ್ನು ಅಷ್ಟೇ. ಆಚೆ ಕಡೆಯಿಂದ ಉಸಿರಿನ ಸದ್ದು ಮಾತ್ರ ಬಂತು. ಗಂಟಲಪ್ಪ ಅದನ್ನು ಕೊನೆಯ ಹನಿಯವರೆಗೆ ಕುಡಿದು ಫೋನಿಟ್ಟ.

ಆಮೇಲಿನ ದಿನಗಳಲ್ಲಿ ಸಕ್ಕರೆ ಜೈಲಿನ ಸುತ್ತ ಇರುವೆಯಂತೆ ಸುತ್ತಿದ. ಗಾರೆ ಕೆಲಸದ ಗುತ್ತಿಗೆ ಕೇಳಿದ; ಅದು ಬೇರೆಯವರಿಗೆ ಹೋಗಿಯಾಗಿತ್ತು. ಒಳಗೆ ಬಿಡಿ ಎಂದು ಗೇಟಿನಲ್ಲಿ ಹಲ್ಲುಗಿಂಜಿದ. ಬೀಗದ ಮಾವ ಸಲಾಕೆ ತೋರಿಸಿದ. ಚೆನ್ನಾಗಿ ಕುದಿದು ಪಾಕ ಗಟ್ಟಿಯಾದ ಮೇಲೆ ಎರಡನೇ ಫೋನು ಬಂತು. ಈ ಸಲ ಮೂಗಿನಿಂದ.

“ನಾನು, ನಿಮ್ಮ ವಕೀಲ. ಊರು ಬಿಟ್ಟೆ ಅಂತ ನಿಮ್ಮನ್ನ ಬಿಟ್ಟಿಲ್ಲ. ಅಂದ್ರೆ ಏನರ್ಥ? ನಿಮ್ಮ ಗಾರೆಯವನು ನನಗೂ ಫೋನ್ ಮಾಡಿದ್ದ.”

“ಸಾರ್, ನೀವೇ ಕಾಪಾಡ್ಬೇಕು! ಒಳಗೆ ಹೋಗೋದು ಹೇಗೆ ಸಾರ್?”

“ಒಳಗೆ ಹೋಗೋಕೆ ಇರೋದು ಒಂದೇ ಬಾಗಿಲು. ಕೈದಿ ಆಗಿ. ಏನಾದ್ರೂ ಸಣ್ಣದು ಕದ್ರೆ ಠಾಣೇಲೇ ಬೈದು ಕಳಿಸ್ತಾರೆ. ಅಂದ್ರೆ ಏನರ್ಥ? ಹಳೇ ಕೇಸೇ ಆಗ್ಬೇಕು. ಹರಳು ನಾನೇ ಎತ್ತಿದ್ದು, ಗೆಳೆಯನಿಗೆ ಏನೂ ಗೊತ್ತಿರಲಿಲ್ಲ, ತಮಾಷೆಗೆ ಅಂತ ಫೋನ್ ಮಾಡಿಸ್ದೆ, ಮಾಲೆಲ್ಲ ಕರಗಿ ಹೋಯ್ತು ಅಂತ ಅತ್ತು ಒಪ್ಪಿಕೊಳ್ಳಿ. ತಾನಾಗಿ ಒಪ್ಪಿದವರಿಗೆ ಶಿಕ್ಷೆ ಕಮ್ಮಿ. ಮಾಲು ಕರಗಿದೆ ಅಂದ್ಮೇಲೆ ಯಾರೂ ಹುಡುಕಲ್ಲ. ಹೊರಗೆ ಬರೋವಾಗ ಎಲ್ಲ ನಿಮ್ಮದೇ.”

“ಆ ಮುದುಕ ಅಲ್ಲೇ ಕಾವಲು ಕೂತಿರ್ತಾನಲ್ಲ ಸಾರ್?”

“ಅವನ ಮೇಲಿನ ದೂರೂ ಸುಳ್ಳು ಅಂತ ಬರೆದುಕೊಡಿ. ಅವನು ಹೊರಗೆ, ನೀವು ಒಳಗೆ, ಗೋಡೆ ನಿಮ್ಮದು. ಬೇಗ. ಗೋಡೆ ಒಡೆಸ್ತಾರಂತೆ.”

ಸಕ್ಕರೆ ಕೇಳಿದ, “ಸಾರ್... ಗೆಳೆಯನ್ನ ಬಿಟ್ಟುಬಿಡ್ತಾರಾ ಹಾಗಾದ್ರೆ?”

ಗಂಟಲಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. ಈ ಪ್ರಶ್ನೆಯ ಹಿಂದೆ ಒಂದು ಚೂರಾದರೂ ನೋವಿದೆಯೇ ಎಂದು ಕಿವಿಗೊಟ್ಟ. ಇದ್ದಿದ್ದರೆ ಏನು ಮಾಡುತ್ತಿದ್ದನೋ.

“ಯಾಕೆ ಕೇಳಿದೆ ಅಂದ್ರೆ,” ಸಕ್ಕರೆ ಮುಂದುವರಿಸಿದ, “ಅವನು ಹೊರಗೆ ಬಂದು ನನ್ನ ಮನೆಗಿನೆ ಸೇರ್ಕೊಂಡ್ರೆ ಕಷ್ಟ.”

“ಸೇರ್ಕೊಳ್ಳಲ್ಲ,” ಎಂದ ಗಂಟಲಪ್ಪ ಮೂಗಿನಿಂದ. “ನಿಮ್ಮ ಮನೇಲಿ ಗೋಡೆ ಎಲ್ಲಿದೆ?”

*

ಸಕ್ಕರೆ ಕೋರ್ಟಿನಲ್ಲಿ ಮತ್ತೆ ಅತ್ತ. ಈ ಸಲ ಅದೇ ಕರ್ಚೀಫಿನಲ್ಲಿ ನಿಜ ಹೇಳಿದ. ಗಂಟಲಪ್ಪನನ್ನೂ ಗಾರೆಯಜ್ಜನನ್ನೂ ಬಿಡಬೇಕೆಂದು ಆದೇಶವಾಯಿತು. ತಮ್ಮನನ್ನು ಕರೆದೊಯ್ಯಲು ಬನ್ನಿ ಎಂದು ಅಕ್ಕನಿಗೆ ಹೇಳಿ ಕಳಿಸಿದರು. ಅಕ್ಕ ಯಂತ್ರದ ಮೇಲೆ ತಲೆಯಿಟ್ಟು ನಕ್ಕಳು. ಕರೆದೊಯ್ಯಬೇಕಾದವನು ಒಳಕೋಣೆಯಲ್ಲಿ ಗುಂಡಿ ಹಚ್ಚುತ್ತಿದ್ದ.

ಜೈಲಿನಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಗಂಟಲಪ್ಪ ಓಡಿಹೋದದ್ದನ್ನು ಜೈಲರ್ ಸಾಹೇಬ ಹೊರಗೆ ಬಿಟ್ಟಿರಲಿಲ್ಲ. ಬಿಡುವುದು ಹೇಗೆ? ವಿಚಾರಣೆಯಾದರೆ ಬೀಗದ ಮಾವ, ‘ಸಾಹೇಬ್ರೇ ಕೂಗಿದ್ರು, ತೆಗ್ದೆ’ ಎಂದು ಮಕ್ಕಳಾಣೆ ಮಾಡಿ ಹೇಳುತ್ತಿದ್ದ. ಹಾಗಾಗಿ ಹಾಜರಿ ಕರೆಯುವಾಗ ಆ ಹೆಸರು ಬಂದರೆ ಸಾಹೇಬನೇ ಕೆಮ್ಮಿ ಮುಂದಕ್ಕೆ ದಾಟಿಸುತ್ತಿದ್ದ. ಈಗ ಬಿಡುಗಡೆ ಮಾಡಲು ಕೈದಿ ಬೇಕಿತ್ತು.

ಅವನ ಮೇಜಿನ ಫೋನು ಬಡಿದುಕೊಂಡಿತು. “ಖಂ! ಖಂ! ನಾಳೆ ಯಾರನ್ನ ಬಿಡ್ತೀರಿ ಸಾಹೇಬ್ರೇ?”

ತನ್ನದೇ ಗಂಟಲನ್ನು ಕೇಳಿ ಸಾಹೇಬ ಕುರ್ಚಿಯಿಂದ ಎದ್ದು ನಿಂತ. “ಅಪ್ಪಾ... ಎಲ್ಲಿದ್ದೀಯಪ್ಪಾ? ಬಾರಪ್ಪಾ. ಒಂದ್ಸಲ ಬಂದು ಹೋಗಪ್ಪಾ.”

ಮರುದಿನ ಹಿಟ್ಟಿನ ಲಾರಿ ತುಂಬಿದ ಚೀಲಗಳೊಂದಿಗೆ ಗಂಟಲಪ್ಪನನ್ನೂ ಒಳಗೆ ತಂದಿತು. ಹೊರಗೆ ಹೋಗಲು ಪಟ್ಟ ಪಾಡನ್ನೇ ಒಳಗೆ ಬರಲೂ ಪಟ್ಟು, ತಲೆಯಿಂದ ಕಾಲವರೆಗೆ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು ಬೇಕರಿಯಲ್ಲಿ ಇಳಿದ. ಒಲೆ ಹೊಸದು. ಹಿಂದಿನ ಗೋಡೆಯನ್ನು ಒಡೆದು, ಹೊಸದು ಕಟ್ಟಿ, ಗಾರೆ ಬಳಿದಾಗಿತ್ತು. ಗಾರೆಯಜ್ಜ ತನ್ನ ಗಂಟು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

“ಇವತ್ತು ಯಾರಾಗಿದ್ದೀಯೋ ಮಗಾ?” ಹೆಜ್ಜೆಯ ಸದ್ದಿಗೇ ಕೇಳಿದ.

“ಇವತ್ತು ನಾನೇ ಅಜ್ಜ.”

“ಪರವಾಗಿಲ್ಲ. ಅದೂ ಚೆನ್ನಾಗಿ ಬರತ್ತೆ ನಿನಗೆ.”

ಕಾಗದಕ್ಕೆ ಸಹಿ ಬಿತ್ತು. ಸಾಹೇಬ ತಲೆಯೆತ್ತಲಿಲ್ಲ, ಹೋಗು ಎಂದು ಕೈಯಲ್ಲೇ ತೋರಿಸಿ, ಬಾಗಿಲು ಹಾಕಿಕೊಂಡು ಒಳಗೆ ಕೂತ. ಅಜ್ಜನ ಕೈ ಗಂಟಲಪ್ಪನ ಹೆಗಲ ಮೇಲೆ. ಇಬ್ಬರೂ ಗೇಟಿಗೆ ಬರುವುದಕ್ಕೂ ಪೊಲೀಸ್ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಸಕ್ಕರೆ ಇಳಿದ. ಕೈಗೆ ಕೋಳ, ಮುಖದಲ್ಲಿ ಮದುವಣಿಗನ ಕಳೆ. ಬೀಗದ ಮಾವ ಬೆನ್ನು ಹಾಕಿ ಕೀಲಿಗೊಂಚಲಲ್ಲಿ ಸರಿಯಾದ ಕೀಲಿ ಹುಡುಕುತ್ತಿದ್ದ.

“ಅಣ್ಣಾ, ನನಗೆ ಬ್ರೆಡ್ಡು ಕೆಲಸ ಚೆನ್ನಾಗಿ ಬರುತ್ತೆ. ಬೇಕರಿಗೇ ಹಾಕಿಸ್ತೀಯಾ ಅಣ್ಣಾ?”

“ಅದೆಲ್ಲ ಸಾಹೇಬ್ರು ಹೇಳ್ಬೇಕು.”

ಅಜ್ಜನ ಬೆರಳು ಗಂಟಲಪ್ಪನ ಹೆಗಲಿಗೆ ಉಗುರು ನಾಟಿಸಿತು. “ಬಂತು ನೋಡು, ಸಕ್ಕರೆ.”

ಆಗ ಸಕ್ಕರೆ ತಲೆಯೆತ್ತಿದ. ಎದುರಿಗೆ ಹಿಟ್ಟಿನ ಗೊಂಬೆಯಂತೆ ನಿಂತವನು ಯಾರೆಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಗೊತ್ತಾದ ಮೇಲೂ ಅವನು ನಕ್ಕ, ಅಭ್ಯಾಸಬಲ. “ಏನೋ ಗೆಳೆಯಾ, ನೋಡ್ದ್ಯಾ, ನಿನ್ನನ್ನ ಬಿಡಿಸ್ದೆ. ಯಾಕೆ ಹೆದರ್ತೀಯ? ನಾನಿದ್ದೀನಲ್ಲಾ...”

ಎಷ್ಟೋ ವರ್ಷ ಹಿಟ್ಟಿನ ಮುಖಕ್ಕೆ ಆಡಿ ಆಡಿ ಕಾಯಿಸಿಟ್ಟ ಮಾತುಗಳೆಲ್ಲ ಗಂಟಲಪ್ಪನ ನಾಲಗೆಯ ತುದಿಯಲ್ಲಿದ್ದವು. ಒಂದನ್ನೂ ಆಡಲಿಲ್ಲ. ಸಕ್ಕರೆಯ ಕಣ್ಣಲ್ಲಿ ಕಣ್ಣಿಟ್ಟು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮಾತ್ರ ತೆರೆದ.

“ಖಂ! ಖಂ! ಇವನನ್ನ ಬೇಕರಿಗೇ ಹಾಕ್ರೋ! ಶಿಕ್ಷೆ ಮುಗಿಯೋವರೆಗೂ ಅಲ್ಲಿಂದ ಅಲ್ಲಾಡಿಸಬೇಡಿ!”

“ಆಯ್ತು ಸಾರ್!” ಎಂದ ಬೀಗದ ಮಾವ, ತಿರುಗದೆ.

ಸಕ್ಕರೆಯ ನಗು ಮೊದಲು ಅಂಚಿನಲ್ಲಿ ಕರಗಿತು, ಆಮೇಲೆ ನಡುವಿನಲ್ಲಿ. ಅಜ್ಜನ ಫೋನು, ವಕೀಲನ ಫೋನು, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು. ಗಂಟಲಪ್ಪ ರೆಪ್ಪೆ ಬಡಿಯದೆ ನೋಡಿದ, ಒಂದನ್ನೂ ಬಿಡಲಿಲ್ಲ.

“ಅದು ಸಾಹೇಬರಲ್ಲ!” ಸಕ್ಕರೆ ಕಿರುಚಿದ. “ಅದು ಇವನು! ಇವನ ಗಂಟಲು! ಇವನೇ ಎಲ್ಲ ಮಾಡಿದ್ದು, ಇವನ ಗಂಟಲು ನೋಡಿ!”

“ಸಾಹೇಬ್ರ ಗಂಟಲು ನನಗೆ ಗೊತ್ತಿಲ್ವೇನಯ್ಯಾ?” ಮಾವ ಅವನ ರಟ್ಟೆ ಹಿಡಿದು ಒಳಗೆ ಎಳೆದ. “ಅದನ್ನ ನೋಡಕ್ಕೆ ಹೋಗಿ ಒಂದ್ಸಲ ಕೆಲಸ ಕಳ್ಕೊಂಡಿದ್ದೀನಿ. ನಡಿ ಬೇಕರಿಗೆ.”

ಕಛೇರಿಯ ಕಿಟಕಿಯ ಹಿಂದೆ ಜೈಲರ್ ಸಾಹೇಬ ನಿಂತಿದ್ದ. ಕೆಮ್ಮು ಬಂದರೂ ಕೆಮ್ಮಲಿಲ್ಲ.

ಗೇಟು ಮುಚ್ಚಿತು. ಆಚೆ ಬದಿಯಲ್ಲಿ ಅಕ್ಕ ಕಾಯುತ್ತಿದ್ದಳು. ಒಳಗಿನ ಕಿರುಚಾಟ ದೂರವಾಗುವವರೆಗೂ ಅಜ್ಜ ನಡೆಯಲು ಒಪ್ಪದೆ, ತಲೆ ಓರೆ ಮಾಡಿ ನಿಂತ.

“ಆ ಗೋಡೆ?” ಎಂದು ಕೇಳಿದ.

“ಒಡೆದು ಹೊಸದು ಕಟ್ಟಿದ್ದಾರೆ.”

“ಗೆರೆ ಹೇಗಿದೆ?”

“ಒಂದೇ ಕಡೆ ಬಾಗಿದೆ. ಪೂರ್ತಿ ಬಲಗೈ.”

“ಪಾಪ,” ಎಂದ ಗಾರೆಯಜ್ಜ. ಆ ಒಂದು ಮಾತನ್ನು ಬಾಯಲ್ಲಿ ಬೆಲ್ಲದ ಚೂರಿನಂತೆ ಹೊರಳಿಸಿ ಹೊರಳಿಸಿ ನುಂಗಿದ. “ಕೆರೀತಾ ಇರ್ಲಿ.”